ಸೇಡಂ ಪೆಟ್ಟಿಗೆ

ಶಹಾಬಾದಿನ ನಮ್ಮ ವಾಚನಾಲಯದಲ್ಲಿ ಮುನ್ನೂರ ಹನ್ನೊಂದು ಕನ್ನಡ ಪುಸ್ತಕಗಳಿದ್ದವು. ಅಮಾವಾಸ್ಯೆಯ ದಿನ ಖಣಿಗಳಿಗೆ ಸೂಟಿ. ಆ ದಿನ ನಾನು ಅವನ್ನೆಲ್ಲ ಕೆಳಗಿಳಿಸಿ, ಧೂಳು ಕೊಡವಿ, ಎಣಿಸಿ ಮತ್ತೆ ಜೋಡಿಸುತ್ತಿದ್ದೆ. ಒಮ್ಮೆ ಎಣಿಸಿದರೆ ಸಮಾಧಾನವಾಗುತ್ತಿರಲಿಲ್ಲ, ಎರಡನೆಯ ಸಲವೂ ಎಣಿಸುತ್ತಿದ್ದೆ. ಎಷ್ಟೋ ವರ್ಷಗಳಾದವು. ಆ ಕಪಾಟಿನ ಬಾಗಿಲು ತೆರೆದಾಗ ಬರುತ್ತಿದ್ದ ಬೇವಿನೆಲೆ ಮತ್ತು ಹಳೆಯ ಅಂಟಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ನಾನು ಹಗಲು ಶಾಲೆಯನ್ನು ಕಂಡವನಲ್ಲ. ಅಪ್ಪ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಹತ್ತನೆಯ ವಯಸ್ಸಿಗೆ ನಾನೂ ಅಲ್ಲಿಗೇ ಹೋದೆ. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಗುರುಲಿಂಗಪ್ಪ ಮಾಸ್ತರರು ಮಠದ ಪಡಸಾಲೆಯಲ್ಲಿ ಸಂಜೆ ತರಗತಿ ಶುರುಮಾಡಿದರು. ಆಗ ನನಗೆ ಹತ್ತೊಂಬತ್ತು. ಪಾಟಿ ಕೊಳ್ಳಲು ಆಗದವರಿಗೆ ಮಾಸ್ತರರು ನೆಲದ ಫರಸಿಯನ್ನೇ ತೋರಿಸಿ, "ಇದಕ್ಕಿಂತ ದೊಡ್ಡ ಪಾಟಿ ಯಾವ ರಾಜಗೂ ಇಲ್ಲ, ಬರೀರಿ" ಎನ್ನುತ್ತಿದ್ದರು. ಕೈಯಾರೆ ಒಡೆದು ತೆಗೆದಂಥ ಕಲ್ಲಿನ ಮೇಲೆಯೇ ನಾನು ಅಕ್ಷರ ಕಲಿತೆ. ಓದು ಬಂದ ಮೇಲೆ ಕಲ್ಲಿನ ಡಿಪೋದಲ್ಲಿ ಅಳತೆ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಸಂಜೆ ಆರರಿಂದ ಎಂಟರವರೆಗೆ ವಾಚನಾಲಯ ನನ್ನ ಕೈಯಲ್ಲಿತ್ತು.

ಡಿಪೋದಲ್ಲಿ ನನ್ನ ಸುತ್ತ ಕೂತವರೆಲ್ಲ ಹಗಲು ಶಾಲೆಯವರು, ಅಂದರೆ ಉರ್ದುವಿನಲ್ಲಿ ಕಲಿತವರು. ಮನೆಯ ಮಾತು ಕನ್ನಡವಾದರೂ ಅವರಿಗೆ ಬರೆಯಲು ಬರುತ್ತಿದ್ದದ್ದು ಉರ್ದು. ನನಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ವಾರವೇ ಮುನಶಿ ಮಜೀದಸಾಬ ಯಾರನ್ನೋ ಕುರಿತು, "ಉರ್ದು ಬರಲ್ಲಾರದಂವ ಎಂಥಾ ಕಾರಕೂನ?" ಎಂದು ನಗುವುದನ್ನು ಕೇಳಿಸಿಕೊಂಡೆ. ಅಂದಿನಿಂದ ಉರ್ದು ಕಾಗದ ಕೈಗೆ ಬಂದರೆ ಕನ್ನಡಕ ಸರಿಪಡಿಸಿಕೊಂಡು, ತುಸು ಹೊತ್ತು ದಿಟ್ಟಿಸಿ, "ಸರಿ" ಎಂದು ಪಕ್ಕಕ್ಕಿಡುವುದನ್ನು ರೂಢಿ ಮಾಡಿಕೊಂಡೆ. ಮಾಸ್ತರರೂ ನನಗೆ ಉರ್ದು ಬರುತ್ತದೆಂದೇ ತಿಳಿದಿದ್ದರು.

ಐವತ್ಮೂರರ ಯುಗಾದಿಗೆ ಮಾಸ್ತರರು ಒಂದು ಯೋಚನೆ ತಂದರು. ಚಿತ್ತಾಪುರ, ಸೇಡಂ, ಚಿಂಚೋಳಿಗೆ ಒಂದೊಂದು ಪೆಟ್ಟಿಗೆಯಲ್ಲಿ ಇಪ್ಪತ್ತಿಪ್ಪತ್ತು ಪುಸ್ತಕ ಕಳಿಸುವುದು. ಎರಡು ತಿಂಗಳಿಗೊಮ್ಮೆ ಅವು ಮರಳಿ ಬರಬೇಕು, ಬೇರೆ ಇಪ್ಪತ್ತು ಹೋಗಬೇಕು. ಸೇಡಂ ಪೆಟ್ಟಿಗೆ ರೈಲಿನಲ್ಲಿ ಹೋಗುತ್ತಿತ್ತು. ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಕಾರಕೂನ ಶಹಾಬುದ್ದೀನ ಅದನ್ನು ಇಳಿಸಿ, ತೂಗಿ, ಸೇಡಂ ಗಾಡಿಗೆ ಹಾಕುತ್ತಿದ್ದ. ಬೀಗದ ಒಂದು ಕೈ ನನ್ನಲ್ಲಿ, ಇನ್ನೊಂದು ಸೇಡಂನ ಅಮೀರ್ ಅಲಿ ಸಾಹೇಬರಲ್ಲಿ. ಅವರು ಅರ್ಜಿನವೀಸರು, ತಹಸೀಲ ಕಚೇರಿಗೆ ಬಂದವರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಪೆಟ್ಟಿಗೆ ಅವರ ಅಂಗಡಿಯಲ್ಲಿರುತ್ತಿತ್ತು.

ಮಾಸ್ತರರ ಕಾಯಿದೆ ಒಂದೇ. ಪುಸ್ತಕ ಓದಿದವರು ಮೊದಲನೆಯ ಖಾಲಿ ಹಾಳೆಯ ಮೇಲೆ ತಮ್ಮ ಅಭಿಪ್ರಾಯ ಬರೆಯಬೇಕು. ಮುಂದೆ ಯಾರು ಓದಿದರೆ ಚೆಂದ ಎಂಬುದನ್ನೂ ಬರೆಯಬೇಕು. ನನ್ನ ಕೆಲಸ, ಪ್ರತಿ ಪುಸ್ತಕದೊಳಗೆ ಒಂದು ಚೀಟಿ ಇಡುವುದು: ಇದನ್ನು ಯಾಕೆ ಓದಬೇಕು ಎಂದು. ಒಂದೊಂದು ಚೀಟಿಗೂ ನಾಲ್ಕು ಸಲ ಕರಡು ಮಾಡುತ್ತಿದ್ದೆ. ಆದರೂ ಕೊನೆಗೆ, "ನನಗೆ ಹಿಡಿಸಿತು, ನನ್ನ ತಿಳಿವಳಿಕೆ ತಪ್ಪಿರಬಹುದು" ಎಂದು ಸೇರಿಸದೆ ಕೈ ನಿಲ್ಲುತ್ತಿರಲಿಲ್ಲ.

ಚಿತ್ತಾಪುರದಿಂದ ಅಭಿಪ್ರಾಯಗಳು ಬಂದವು. ಚಿಂಚೋಳಿಯಿಂದ ಎಷ್ಟು ಬಂದವೆಂದರೆ ಹಾಳೆ ಸಾಲದೆ ಬೇರೆ ಕಾಗದ ಅಂಟಿಸಿದ್ದರು. ಸೇಡಂನಿಂದ ಒಂದೂ ಇಲ್ಲ. ಪೆಟ್ಟಿಗೆ ಬಂದಾಗ ಇಪ್ಪತ್ತೂ ಪುಸ್ತಕಗಳ ಮೊದಲ ಹಾಳೆ ತಿರುವುತ್ತಿದ್ದೆ, ಬಿಳಿ. ಅಷ್ಟೇ ಅಲ್ಲ, ಪುಸ್ತಕದ ಹಿಂಭಾಗದ ಖಾಲಿ ಹಾಳೆಗಳ ತುಂಬ ಒತ್ತೊತ್ತಾಗಿ ಉರ್ದು ಬರಹ. ಅರ್ಜಿನವೀಸರ ಅಂಗಡಿಯಲ್ಲವೇ, ಅರ್ಜಿಗಳ ಕರಡು ಬರೆಯಲು ನಮ್ಮ ಪುಸ್ತಕಗಳನ್ನು ಬಳಸುತ್ತಿದ್ದಾರೆ ಎಂದುಕೊಂಡೆ. ಹೊಟ್ಟೆ ಉರಿಯಿತು. ಯಾರಿಗಾದರೂ ಓದಿಸಬಹುದಿತ್ತು. ಓದಿಸಿದರೆ ನನಗೆ ಬರುವುದಿಲ್ಲವೆಂದು ಗೊತ್ತಾಗುತ್ತದಲ್ಲ! ಒಂದೂವರೆ ವರ್ಷ ಸುಮ್ಮನಿದ್ದೆ.

ಐವತ್ನಾಲ್ಕರ ದೀಪಾವಳಿ ಮುಗಿದ ಮೇಲೆ ಚಿಂಚೋಳಿಯವರು ಇನ್ನೊಂದು ಪೆಟ್ಟಿಗೆ ಕೇಳಿದರು. ವಾಚನಾಲಯದ ಕಮಿಟಿ ಕೂತಿತು. ಮಾಸ್ತರರು ನನ್ನ ಕಡೆ ತಿರುಗಿ, "ಖಂಡೆಪ್ಪಾ, ಸೇಡಂದಾಗ ಯಾರೂ ಓದಲಿಕತ್ತಿಲ್ಲೇನು?" ಎಂದರು.

"ಒಂದಕ್ಕೂ ಅಭಿಪ್ರಾಯ ಬಂದಿಲ್ಲರಿ ಮಾಸ್ತರ. ಮ್ಯಾಲೆ ಹಿಂದಿನ ಹಾಳಿ ಮ್ಯಾಲೆಲ್ಲಾ ಅರ್ಜಿ ಕರಡು ಬರದಾರ."

"ಪುಸ್ತಕದ ಮ್ಯಾಲ?" ಮಾಸ್ತರರ ಮುಖ ಕೆಂಪಾಯಿತು. "ನೀ ನೋಡೀಯೇನು?"

"ನೋಡೀನ್ರಿ."

ನೋಡಿದ್ದೆ ಎಂಬುದು ಸುಳ್ಳಲ್ಲ. ಅವರು ವರದಿಯ ಪುಸ್ತಕ ಮುಂದಿಟ್ಟರು, ನಾನು ವರದಿ ಬರೆದು ಸಹಿ ಹಾಕಿದೆ. ಸೇಡಂ ಪೆಟ್ಟಿಗೆ ಚಿಂಚೋಳಿಗೆ ಹೋಗಬೇಕೆಂದು ತೀರ್ಮಾನವಾಯಿತು. "ಈ ಸಲ ಪಾರ್ಸಲ್ ಬ್ಯಾಡ. ಖುದ್ದ ನೀನೇ ಹೋಗಿ ತಗೊಂಡು ಬಾ" ಎಂದರು ಮಾಸ್ತರರು.

ಮುಂದಿನ ಅಮಾವಾಸ್ಯೆಯಂದು ಬೆಳಗಿನ ಗಾಡಿಗೆ ಹೊರಟು ಸೇಡಂನಲ್ಲಿಳಿದೆ. ತಹಸೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಅಮೀರ್ ಅಲಿ ಸಾಹೇಬರ ಅಂಗಡಿ. ಅರವತ್ತರ ಆಸುಪಾಸಿನವರು, ಕನ್ನಡಕದ ಒಂದು ಕಡೆ ದಾರ ಕಟ್ಟಿದ್ದರು. ನಮ್ಮ ಪೆಟ್ಟಿಗೆ ಅವರ ಗಾದಿಗಿಂತ ಎತ್ತರದ ಮಣೆಯ ಮೇಲೆ, ಒಗೆದ ಬಟ್ಟೆಯ ಹೊದಿಕೆಯಡಿ ಇತ್ತು.

"ಬರ್ರಿ, ಬರ್ರಿ, ಕುಂದ್ರಿ. ಶಹಾಬಾದದಿಂದ ಬಂದೀರೇನು?"

ಮಾಸ್ತರರ ಪತ್ರ ಕೊಟ್ಟೆ. ಪತ್ರ ಕನ್ನಡದಲ್ಲಿತ್ತು. ಅವರು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು, ತುಟಿಯಲ್ಲೇ ಕೂಡಿಸಿಕೊಳ್ಳುತ್ತ ಪೂರ್ತಿ ಓದಿದರು. ಓದಿ ಮಡಿಚಿದರು.

"ಹುಕುಂ ಬಂದದ, ಮಾತು ಮುಗೀತು" ಎಂದು ಬೀಗದ ಕೈ ನನ್ನ ಮುಂದಿಟ್ಟರು. "ಚಾ ಕುಡದು ಹೋಗ್ರಿ."

"ಇಲ್ರಿ, ಗಾಡಿಗಿ ಹೊತ್ತಾಗ್ತದ."

ಪೆಟ್ಟಿಗೆಯನ್ನು ಟಾಂಗಾದಲ್ಲಿಡುವಾಗ ಒಂದು ಕಡೆ ಅವರೇ ಕೈ ಹಚ್ಚಿದರು. ಹೊರಡುವಾಗ ಒಂದೇ ಒಂದು ಮಾತು ಕೇಳಿದರು: "ಅದರಾಗ ಚೀಟಿ ಬರದು ಇಡ್ತಾರಲ್ಲ, ಅವರು ಯಾರ್ರಿ?"

ಬೈಯಲಿಕ್ಕಿರಬೇಕು ಎಂದುಕೊಂಡು, "ಕಮಿಟಿಯವರು" ಎಂದೆ.

ವಾಡಿಯಲ್ಲಿ ಶಹಾಬಾದ್ ಗಾಡಿಗೆ ಎರಡು ತಾಸು ಕಾಯಬೇಕಿತ್ತು. ಶಹಾಬುದ್ದೀನ ತನ್ನ ಪಾರ್ಸಲ್ ಕೋಣೆಯಲ್ಲಿ ಜಾಗ ಕೊಟ್ಟ. ಎಂದಿನ ಚಟ, ಪೆಟ್ಟಿಗೆ ತೆಗೆದು ಇಪ್ಪತ್ತು ಇವೆಯೋ ಇಲ್ಲವೋ ಎಂದು ಎಣಿಸಲು ಕೂತೆ.

"ಎರಡು ವರ್ಷಾತು, ಈ ಸಂದೂಕ ನನ್ನ ತಕ್ಕಡಿ ಮ್ಯಾಲೆ ಕುಂತು ಎದ್ದು ಹೋಗ್ತದ. ಒಳಗೇನದ ಅಂತ ಇವತ್ತ ನೋಡಾಕತ್ತೀನಿ" ಎಂದು ಅವನು ಒಂದು ಪುಸ್ತಕ ಎತ್ತಿಕೊಂಡ. ಎತ್ತಿಕೊಂಡವನು ಅದನ್ನು ಹಿಂದಿನಿಂದ ತೆರೆದ. ತೆರೆದವನು ನಗತೊಡಗಿದ. ನಗು ಮುಗಿಯಲೇ ಇಲ್ಲ.

"ಯಾಕ್ರಿ ಭಾಯಿ?"

"ಭಾಳ ಮಜಾ ಅದಪಾ ಇದರಾಗ! ಯಾವನಿವ ಕಲ್ಯಾಣಪ್ಪ?"

"ಯಾವ ಕಲ್ಯಾಣಪ್ಪ? ಯಾರ ಅರ್ಜಿ ಅದು?"

"ಅರ್ಜಿ ಎಲ್ಲಿದು? ಕೇಳಿಲ್ಲಿ." ಅವನು ಉರ್ದುವನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದ. ಅದು ಇಬ್ಬರು ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸುವ ಕಾದಂಬರಿ. "'ತಾಯಿ ತನ್ನ ಹೊರಸು ಮಂಚ ಎತ್ತಿಕೊಂಡು ಗ್ವಾಡಿ ದಾಟಿ ಬರೂ ಪ್ರಕರಣ ನಾನು ಓದುವಾಗ ಕಲ್ಯಾಣಪ್ಪ ಸಾಹುಕಾರ್ರು ಎದ್ದು ಹೊರಗ ಹೋದರು. ಕಣ್ಣಾಗ ಧೂಳು ಬಿತ್ತು ಅಂದರು. ನನ್ನ ಅಂಗಡ್ಯಾಗ ಧೂಳು ಇಲ್ಲ. ಅಮೀರ್ ಅಲಿ.' ಅದರ ಕೆಳಗ ಬ್ಯಾರೆ ಕೈ ಬರಹ: 'ಸಾಹೇಬರು ಹೇಳೂದು ಸುಳ್ಳು. ಧೂಳು ಇತ್ತು. ಕಲ್ಯಾಣಪ್ಪ, ಜೋಳದ ಅಡತಿ ಅಂಗಡಿ.'"

ನನ್ನ ಕೈಯಲ್ಲಿದ್ದ ಪುಸ್ತಕವನ್ನು ಅವನಿಗೆ ಕೊಟ್ಟೆ. ಅವನು ಓದಿದ. ಇನ್ನೊಂದು ಕೊಟ್ಟೆ. ಹಿಮಾಲಯದ ಪ್ರವಾಸದ ಪುಸ್ತಕದ ಹಿಂದೆ: "ಮೂರು ಮಂದಿ ಓದಿದೆವು. ಇಂಥದ್ದು ಇನ್ನೊಂದಿದ್ದರೆ ಮೆಹರಬಾನಿ ಮಾಡಿ ಕಳಿಸಬೇಕು." ಒಂದು ಕಥೆಗಳ ಪುಸ್ತಕದ ಹಿಂದೆ: "ನಮ್ಮ ಮನೆಯವರು ಲಲಿತಾಬಾಯಿ ನನ್ನಿಂದ ಓದಿಸಿಕೊಂಡು ಕೇಳಿದರು. ಏಳನೆಯ ಕಥೆ ಇನ್ನೂ ಮುಗಿದಿಲ್ಲ, ಬರೆದವನು ನಡುವೆ ಎದ್ದು ಹೋಗಿದ್ದಾನೆ ಅನ್ನುತ್ತಾರೆ. ಕಲ್ಯಾಣಪ್ಪ." ಮತ್ತೊಂದರ ಹಿಂದೆ: "ಚೀಟಿ ಬರೆಯುವವರಿಗೆ ಸಲಾಂ. ತಪ್ಪಿರಬಹುದು ಅಂತ ಬರೆದಿದ್ದಿರಿ. ತಪ್ಪಿಲ್ಲ. ಅಂಜಬಾರದು."

ಕೊನೆಯದನ್ನು ಓದುವಾಗ ಶಹಾಬುದ್ದೀನ ನಗಲಿಲ್ಲ. "'ಐದನೇ ಸಲ ಕೇಳಾಕತ್ತೀವಿ, ಜವಾಬು ಬಂದಿಲ್ಲ. ನಮ್ಮ ಬರಹ ನಿಮಗ ಮುಟ್ಟಿಲ್ಲೋ, ಬ್ಯಾಡಾಗ್ಯದೋ ತಿಳೀವಲ್ದು.'"

"ಮೊದಲನೇ ಹಾಳಿ ಮ್ಯಾಲೆ ಬರೀರಿ ಅಂತ ನಮ್ಮ ಕಾಯದಾ ಇತ್ತು ಭಾಯಿ" ಎಂದೆ.

"ಮತ್ತ ಬರದಾರಲ್ಲ! ಬಲದಿಂದ ಎಡಕ್ಕ ಓದೂ ಉರ್ದು ಕಲ್ತವಗ ಇದೇ ಮೊದಲನೇ ಹಾಳಿ. ಪುಸ್ತಕ ಕೈಯಾಗ ಬಂದ ಕೂಡಲೆ ಈ ಕಡಿಂದನೇ ತಗೀತೀವಿ. ನಾ ಈಗ ತಗದಿಲ್ಲೇನು?" ಅವನು ನನ್ನನ್ನು ನೋಡಿದ. "ನಿನಗಿದು ಓದಾಕ ಬರಲ್ಲೇನು ಖಂಡೆಪ್ಪಾ?"

"ಇಲ್ಲ." ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು.

"ಹೇಳಬಾರದೇನಪ್ಪಾ, ನಾ ಓದತಿದ್ದೆ" ಎಂದ, ಅಷ್ಟೇ.

ಶಹಾಬಾದ್ ಗಾಡಿ ಬಂದು ನಿಂತಿತು. ಅದನ್ನು ಹತ್ತಿದರೆ ಮುಗಿಯಿತು. ವರದಿ ಆಗಿದೆ, ತೀರ್ಮಾನ ಆಗಿದೆ, ಚಿಂಚೋಳಿಯವರು ಸಂತೋಷಪಡುತ್ತಾರೆ. ಶಹಾಬುದ್ದೀನ ಯಾರಿಗೂ ಹೇಳುವವನಲ್ಲ. ಹತ್ತದಿದ್ದರೆ ಏನೇನು ಹೇಳಬೇಕಾಗುತ್ತದೆ, ಯಾರ ಯಾರ ಮುಂದೆ ಹೇಳಬೇಕಾಗುತ್ತದೆ ಎಂದು ಎಣಿಸುತ್ತಲೇ ಇದ್ದೆ; ಗಾಡಿ ಹೋಯಿತು. ಧೈರ್ಯ ಮಾಡಿದೆ ಎನ್ನಲಾರೆ. ಏಳುವುದು ಆಗಲಿಲ್ಲ.

ಮಧ್ಯಾಹ್ನದ ಗಾಡಿಗೆ ಪೆಟ್ಟಿಗೆ ಸಮೇತ ಮತ್ತೆ ಸೇಡಂಗೆ ಹೋದೆ. ಬಿಸಿಲು ಇಳಿಯುತ್ತಿತ್ತು. ಅಂಗಡಿಯಲ್ಲಿ ಅಮೀರ್ ಅಲಿ ಸಾಹೇಬರ ಜೊತೆ ದಪ್ಪ ಮೀಸೆಯ, ದೊಡ್ಡ ರುಮಾಲಿನ ಒಬ್ಬರು ಕೂತಿದ್ದರು. ಪೆಟ್ಟಿಗೆಯಿದ್ದ ಮಣೆ ಬರಿದಾಗಿತ್ತು. ಇಬ್ಬರೂ ಆ ಕಡೆ ನೋಡದ ಹಾಗೆ ಕೂತಿದ್ದರು.

"ಏನ್ರಿ, ಏನರೇ ಬಿಟ್ಟು ಹೋಗಿದ್ರೇನು?" ಎಂದರು ಸಾಹೇಬರು.

"ನನಗ ಉರ್ದು ಬರಂಗಿಲ್ರಿ" ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮರೆತು ಇದೊಂದೇ ಬಂತು. "ಚೀಟಿ ಬರೆಯೋಂವ ನಾನೇ. ನೀವು ಬರದದ್ದು ಅರ್ಜಿ ಕರಡು ಅಂತ ತಿಳಕೊಂಡೆ. ನೀವು ಪುಸ್ತಕ ಓದಂಗಿಲ್ಲ, ಕೆಡಸ್ತೀರಿ ಅಂತ ಬರದು ಕೊಟ್ಟೀನ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಮಾಲಿನವರು ಮೊದಲು ಬಾಯಿಬಿಟ್ಟರು. "ನೋಡ್ರಿ ಸಾಹೇಬ, ನಾ ಹೇಳಿದ್ದಿಲ್ಲೇನು? ಬ್ಯಾರೆ ಏನರೇ ಇರಬೇಕು ಅಂತ!" ಇವರೇ ಕಲ್ಯಾಣಪ್ಪನೆಂದು ಆಗ ತಿಳಿಯಿತು.

ಅಮೀರ್ ಅಲಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಜಮಾನಾ ಬದಲಾಗ್ಯದ. ಉರ್ದು ಬರಹ ನೋಡಿ ಶಹಾಬಾದದವರಿಗಿ ಸಿಟ್ಟು ಬಂದಿರಬೇಕು, ಅದಕ್ಕ ಸಂದೂಕ ಒಯ್ದರು ಅಂತ ನಾ ತಿಳಕೊಂಡಿದ್ದೆ. ಕನ್ನಡ ಓದಾಕ ಬರ್ತದ, ಹೆಂಗರೇ ಕೂಡಸ್ಕೋತೀನಿ. ಬರೀಲಾಕ ಈ ಕೈ ಕೇಳಂಗಿಲ್ಲ."

"ಹಂಗಿಲ್ರಿ ಸಾಹೇಬ. ಖರೆ ಅಂದ್ರ ಹಂಗೇನೂ ಇಲ್ಲ."

"ಒಂದು ಹೇಳ್ರಿ," ಎಂದು ಕಲ್ಯಾಣಪ್ಪ ನಡುವೆ ಬಂದರು, "ಈ ಸಾಹೇಬರು ಪತ್ತೇದಾರಿ ಕಾದಂಬರಿ ಕೈಯಾಗ ಹಿಡದ ಕೂಡಲೆ ಹಿಂದಿಂದ ತಗದು, ಖೂನಿ ಮಾಡಿದಂವ ಯಾರಂತ ಜೋರಾಗಿ ಓದಿಬಿಟ್ರು! ಎರಡು ತಿಂಗಳು ಆ ಪುಸ್ತಕ ಯಾರೂ ಮುಟ್ಟಲಿಲ್ಲ. ಅದಕ್ಕ ನಿಮ್ಮ ಕಮಿಟಿ ಏನರೇ ಶಿಕ್ಷಾ ಕೊಡ್ತದೇನು?"

ಸಾಹೇಬರು ನಕ್ಕರು, ನನಗೂ ನಗು ಬಂತು. ಆಮೇಲೆ ಚಹಾ ಬಂತು. ಸಾಹೇಬರು ಕಾಗದ ತೆಗೆದರು.

"ನಿಮ್ಮ ಕಮಿಟಿಗಿ ಅರ್ಜಿ ಬರೀತೀನಿ. ಇದು ನನ್ನ ಕಸುಬು, ನಡುವ ಮಾತಾಡಬ್ಯಾಡ್ರಿ." ಅವರ ಲೇಖನಿ ಬಲದಿಂದ ಎಡಕ್ಕೆ ಸರಸರನೆ ಓಡಿತು. ಬರೆದು ಮುಗಿಸಿ ಓದಿ ಹೇಳಿದರು: ಸೇಡಂನಲ್ಲಿ ಪುಸ್ತಕ ಓದುತ್ತಿದ್ದಾರೆ, ಪೆಟ್ಟಿಗೆ ಇಲ್ಲಿಯೇ ಇರಲಿ. ಬರೆದದ್ದು ಒಂದು ಪುಟ, ಓದಿ ಹೇಳಿದ್ದು ಎರಡು ಮಾತು. ಉಳಿದದ್ದು ಏನೋ ಎಂದು ಅನುಮಾನವಾಯಿತು. ಓದದೆ ಯಾವ ಕಾಗದಕ್ಕೂ ನಾನು ಸಹಿ ಹಾಕಿದವನಲ್ಲ. ಆದರೂ ಅಂದು ಅವರು ಬೆರಳು ಇಟ್ಟ ಕಡೆ ಕನ್ನಡದಲ್ಲಿ ನನ್ನ ಹೆಸರು ಬರೆದೆ. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು, ಕಮಿಟಿಯ ಅಪ್ಪಣೆ ಇಲ್ಲದೆ, ಬರಿಗೈಯಲ್ಲಿ ಊರಿಗೆ ಬಂದೆ.

ಮರುದಿನ ಸಂಜೆ ಗುರುಲಿಂಗಪ್ಪ ಮಾಸ್ತರರಿಗೆ ಅರ್ಜಿ ಕೊಟ್ಟೆ. ಅವರು ಉರ್ದು ಬಲ್ಲವರು, ಓದಿದರು. ಹುಬ್ಬು ಮೇಲೇರಿತು.

"ತಪ್ಪು ಒಪ್ಪಿಕೊಂಡಾರಲ್ಲೋ! 'ಅಭಿಪ್ರಾಯ ಬರೆಯುವ ಜಾಗ ತಿಳಿಯದೆ, ಹಳೆಯ ರೂಢಿಯಿಂದ ಹಿಂದಿನ ಹಾಳೆಯಲ್ಲಿ ಬರೆದದ್ದು ನಮ್ಮ ಕಸೂರು. ಖಂಡೆಪ್ಪ ಸಾಹೇಬರದು ಏನೂ ತಪ್ಪಿಲ್ಲ. ಅವರಂಥ ಜತನದ ಮನುಷ್ಯರನ್ನು ನಾವು ಕಂಡಿಲ್ಲ.' ಕೆಳಗ ನಿನ್ನ ಸಹಿನೂ ಅದ." ಅವರು ಕಾಗದ ಮಡಿಚಿದರು. "ಛಲೋ ಆತು. ಅವರದೇ ತಪ್ಪು ಅಂದ ಮ್ಯಾಲ ಮಾಫ್ ಮಾಡೂಣು. ಸಂದೂಕ ಅಲ್ಲೇ ಇರಲಿ."

ಪೆಟ್ಟಿಗೆ ಉಳಿಯಿತು, ನಾನೂ ಉಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅಮೀರ್ ಅಲಿ ಸಾಹೇಬರು ಓದಿ ಹೇಳದೆ ಬಿಟ್ಟದ್ದು ಅದನ್ನೇ. ನಾನು ಅವರ ಮೇಲೆ ಹೊರಿಸಿದ್ದನ್ನು ಅವರೇ ಹೊತ್ತು, ಅದರ ಕೆಳಗೆ ನನ್ನ ಸಹಿ ಹಾಕಿಸಿದ್ದರು.

"ಮಾಸ್ತರ, ಅದು ಸುಳ್ಳರಿ" ಎಂದೆ.

"ಯಾವುದು?"

"ತಪ್ಪು ನಂದು. ನನಗ ಉರ್ದು ಬರಂಗಿಲ್ಲ. ನೋಡೀನಿ ಅಂದೆ, ಓದೀನಿ ಅಂತ ನೀವು ತಿಳಕೊಂಡ್ರಿ, ನಾ ಸುಮ್ಮಕುಂತೆ."

ಮಾಸ್ತರರು ಮಡಿಚಿದ ಕಾಗದವನ್ನು ಪಕ್ಕಕ್ಕಿಟ್ಟು, "ನಾಲ್ಕು ವರ್ಷ ನನ್ನ ಮುಂದ ಕುಂತು ಕಲ್ತೀದಿ. ನಿನಗೇನು ಬರ್ತದ, ಏನು ಬರಂಗಿಲ್ಲ ಅಂತ ನಾನೂ ಕೇಳಲಿಲ್ಲ ನೋಡು" ಎಂದರು. ಆಮೇಲೆ ವರದಿಯ ಪುಸ್ತಕ ತಂದು ನನ್ನ ಮುಂದಿಟ್ಟರು. "ನೀನೇ ಬರದದ್ದು. ನೀನೇ ತಿದ್ದು."

ನನ್ನ ವರದಿಯ ಕೆಳಗೆ ಬರೆದೆ: ಮೇಲಿನದು ತಪ್ಪು, ನನಗೆ ಉರ್ದು ಬಾರದ ಕಾರಣ ಸೇಡಂ ಓದುಗರ ಅಭಿಪ್ರಾಯಗಳನ್ನು ತಿಳಿಯಲಿಲ್ಲ, ಅವರು ಎಲ್ಲ ಪುಸ್ತಕಗಳನ್ನು ಓದಿದ್ದಾರೆ. ಮುಂದಿನ ಭಾನುವಾರ ಅದನ್ನು ಕಮಿಟಿಯಲ್ಲಿ ಓದಲಾಯಿತು. ಕಮಿಟಿಯಲ್ಲಿದ್ದ ಮಜೀದಸಾಬ ನನ್ನನ್ನು ದಿಟ್ಟಿಸಿ ನೋಡಿ, "ಅಂದ್ರ ಡಿಪೋದಾಗ ಅಷ್ಟೊತ್ತು ಕಾಗದ ನೋಡತಿದ್ಯಲ್ಲಾ, ಏನ್ ನೋಡತಿದ್ದೆಪ್ಪಾ?" ಎಂದ. ಎಲ್ಲರೂ ನಕ್ಕರು. ನಾನು ಹೆದರಿದ್ದು ಎಷ್ಟು ವರ್ಷ, ಅವರು ನಕ್ಕದ್ದು ಎಷ್ಟು ಹೊತ್ತು! ಚಿಂಚೋಳಿಗೆ ಪೆಟ್ಟಿಗೆಯ ಬದಲು ಹೆಚ್ಚಿಗೆ ಹತ್ತು ಪುಸ್ತಕ ಕಳಿಸುವುದೆಂದಾಯಿತು.

ಆಮೇಲೆ ಸೇಡಂಗೆ ಪುಸ್ತಕ ಆರಿಸುವುದೇ ಕಷ್ಟವಾಯಿತು. ಮೊದಲು ಇಪ್ಪತ್ತು ಪುಸ್ತಕ ಎಂದರೆ ಇಪ್ಪತ್ತು ಪುಸ್ತಕ. ಈಗ ಒಂದೊಂದನ್ನು ಕೈಗೆತ್ತಿಕೊಂಡಾಗಲೂ ಯಾರೋ ಒಬ್ಬರು ಎದುರಿಗೆ ಬಂದು ಕೂರುತ್ತಿದ್ದರು. ಇದು ಸಾಹೇಬರಿಗೆ ಸಪ್ಪೆ ಅನ್ನಿಸೀತೇ? ಇದನ್ನು ಓದಿ ಕಲ್ಯಾಣಪ್ಪ ಮತ್ತೆ ಎದ್ದು ಹೋದಾರೇ? ನಾನು ನೋಡಿಯೇ ಇರದ ಲಲಿತಾಬಾಯಿಯವರಿಗಾಗಿ ಒಂದು ಇಡೀ ದಿನ ಹುಡುಕಿದೆ. ಬಾವಿ ತೋಡುವವನೊಬ್ಬನ ವಿಧವೆಯ ಕಥೆ ಹೇಳುವ ಕಾದಂಬರಿ ಆರಿಸಿದೆ. ಗಂಡನ ತಮ್ಮನೊಂದಿಗೆ ಹೊಲಕ್ಕಾಗಿ ವರ್ಷಗಟ್ಟಲೆ ಜಗಳಾಡಿದವಳು, ಗೆಲ್ಲುವ ಹೊತ್ತಿಗೆ ಹೊಲವನ್ನು ಅವನಿಗೇ ಬಿಟ್ಟು ತವರಿಗೆ ಹೋಗುತ್ತಾಳೆ. ಅದನ್ನು ನಾನು ಮೂರು ಸಲ ಓದಿದ್ದೆ.

ಎರಡು ತಿಂಗಳಿಗೆ ಪೆಟ್ಟಿಗೆ ಮರಳುವ ದಿನ ವಾಡಿಗೆ ಹೋದೆ. ಶಹಾಬುದ್ದೀನ ತೂಗುವುದನ್ನು ಬಿಟ್ಟು ಓದಲು ಕೂತ. "'ಲಲಿತಾಬಾಯಿಯವರಿಗಿ ಈ ಪುಸ್ತಕ ಹಿಡಿಸಲಿಲ್ಲ. ಹೊಲ ಬಿಟ್ಟುಕೊಟ್ಟು ಹೋಗೂ ಹೆಣಮಗಳು ಎಲ್ಲೂ ಇರಂಗಿಲ್ಲ, ಕಥಿ ಬರದವಗ ಹೊಲ ಇರಲಿಲ್ಲಂತ ಕಾಣಸ್ತದ ಅಂತಾರ.'"

"ಹಂಗಲ್ಲ ಅದು," ಎಂದೆ ನಾನು. "ಆಕಿ ಸೋತು ಹೋಗಿಲ್ಲ."

"ನನಗ ಯಾಕ ಹೇಳ್ತಿ? ಅವರಿಗಿ ಬರಿ."

ಅಲ್ಲಿಯೇ, ತಕ್ಕಡಿಯ ಪಕ್ಕದ ಮೇಜಿನ ಮೇಲೆ, ಅವರ ಬರಹದ ಕೆಳಗೆ ಕನ್ನಡದಲ್ಲಿ ಬರೆದೆ: ತಾಯಿ, ಆಕೆಗೆ ಬೇಕಾಗಿದ್ದದ್ದು ಹೊಲವಲ್ಲ, ಹೊಲ ಆಕೆಯದೆಂದು ಮೈದುನ ಬಾಯಿಬಿಟ್ಟು ಹೇಳುವುದು; ಅವನು ಹೇಳಿದ. ಅದೇ ಪುಸ್ತಕವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಕಳಿಸಿದೆ. ಅದು ಉತ್ತರದೊಂದಿಗೆ ಬಂತು. ಹೊಲ ಉಳುವವರಿಗೆ ಹೇಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎಂದಿದ್ದರು. ನಾನು ಮತ್ತೆ ಬರೆದೆ, ಅವರು ಮತ್ತೆ ಬರೆಸಿದರು. ಹಿಂದಿನ ಹಾಳೆಗಳು ಮುಗಿದು, ಕಲ್ಯಾಣಪ್ಪ ಜೋಳದ ಚೀಲದ ಮೇಲಿನ ಕಾಗದ ಕತ್ತರಿಸಿ ಅಂಟಿಸಿದರು. ಹೀಗೆ ಒಂದೂವರೆ ವರ್ಷ ಆ ಪುಸ್ತಕ ಬೇರೆ ಯಾರಿಗೂ ಸಿಗಲಿಲ್ಲ. ಐವತ್ತಾರರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಹೋಗಿ ನಾವೆಲ್ಲ ಮೈಸೂರು ರಾಜ್ಯದವರಾದೆವು. ಲಲಿತಾಬಾಯಿ ಮಾತ್ರ ನನ್ನ ಮಾತು ಒಪ್ಪಲಿಲ್ಲ.